ಕಂಡುದನ್ನು ಕಾಣಿಸುವ ವಿದ್ಯೆ

2018ನೆಯ ಇಸವಿ ಜುಲೈ ತಿಂಗಳ 13ನೆಯ ತಾರೀಖು ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ನಡೆದ ಘೋರಕೃತ್ಯವನ್ನು ನಮ್ಮ ವಾಚಕರು ಮರೆತಿರಲಾರರು. ಹೈದರಾಬಾದಿನಿಂದ ಬಂದಿದ್ದ ಕೆಲವರು ಮಿತ್ರರು ದಾರಿಯ ಊರೊಂದರಲ್ಲಿ ಶಾಲೆಯ ಮಕ್ಕಳಿಗೆ ಚಾಕೊಲೇಟು ಹಂಚಿದರು. ಇವರು ಮಕ್ಕಳ ಕಳ್ಳರೆಂದು ಯಾರೋ ಶಂಕಿಸಿದರು. ಆ ಶಂಕೆಯು ಮೊಬೈಲುಗಳ ಮೂಲಕ ಹಾರಿ, ಕಾರು ಮುರ್ಕಿಯನ್ನು ಮುಟ್ಟುವುದಕ್ಕೆ ಮೊದಲೇ ಆ ಊರನ್ನು ಮುಟ್ಟಿತ್ತು. ನೆರೆದ ಗುಂಪು ವಿಚಾರಿಸಲಿಲ್ಲ, ಕೇಳಲಿಲ್ಲ, ಹೊಡೆಯಿತು. ಅಡ್ಡಬಂದ ಪೊಲೀಸಿನವರೂ ಪೆಟ್ಟು ತಿಂದರು. ಒಬ್ಬ ತರುಣ ಇಂಜಿನಿಯರನು ಪ್ರಾಣ ಬಿಟ್ಟನು.

ಆ ವರ್ಷ ದೇಶದ ನಾನಾ ಪ್ರಾಂತಗಳಲ್ಲಿ ಇದೇ ಕೂಗಿಗೆ ನಿರಪರಾಧಿಗಳು ಬಲಿಯಾದರು. ಬೆಂಗಳೂರು ನಗರದಲ್ಲಿಯೂ ಮೇ ತಿಂಗಳಲ್ಲಿ, ರಾಜಸ್ಥಾನದಿಂದ ಕೆಲಸವನ್ನು ಅರಸಿ ಬಂದಿದ್ದ ಒಬ್ಬನು ಹೀಗೆಯೇ ಸತ್ತನು. ಆಗ ಕೈಯಿಂದ ಕೈಗೆ ಹರಿದಾಡುತ್ತಿದ್ದ ಒಂದು ತುಣುಕು ಚಿತ್ರವಿತ್ತು. ಬೀದಿಯಲ್ಲಿ ಮಕ್ಕಳು ಆಡುತ್ತಿರುತ್ತಾರೆ. ಮೋಟಾರು ಸೈಕಲ್ಲಿನ ಮೇಲೆ ಇಬ್ಬರು ಬಂದು ಒಂದು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಇಷ್ಟೇ. ಇದು ನಮ್ಮ ಊರಿನದೇ, ನೆರೆಯ ಜಿಲ್ಲೆಯದೇ ಎಂದು ಜನರು ನಂಬಿದರು. ವಾಸ್ತವವಾಗಿ ಅದು ಕರಾಚಿ ನಗರದಲ್ಲಿ ಮಕ್ಕಳ ರಕ್ಷಣೆಗಾಗಿಯೇ ತಯಾರಿಸಿದ್ದ ಬೋಧಪ್ರದ ಚಿತ್ರ. ಮೂಲಚಿತ್ರದ ಕೊನೆಯಲ್ಲಿ ಅದೇ ಸವಾರರು ಹಿಂದಿರುಗಿ ಬಂದು ಮಗುವನ್ನು ಇಳಿಸಿ, ಮಕ್ಕಳ ಮೇಲೆ ಕಣ್ಣಿಡಿರೆಂದು ಎಚ್ಚರಿಸುವ ಫಲಕವನ್ನು ಎತ್ತಿ ತೋರಿಸುತ್ತಾರೆ. ಆ ಕೊನೆಯ ಭಾಗವನ್ನು ಯಾರೋ ಕತ್ತರಿಸಿ ಎಸೆದಿದ್ದರು. ಚಿತ್ರವು ಒಂದೇ, ಬಾಲವಿದ್ದಾಗ ತಾಯ್ತಂದೆಯರಿಗೆ ಹಿತೋಪದೇಶ, ಬಾಲ ಹೋದಾಗ ದಾರಿಹೋಕರಿಗೆ ಮೃತ್ಯುಪಾಶ.

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು" ಎಂಬುದು ನಮ್ಮ ಹಿರಿಯರ ಗಾದೆ. ಈ ಗಾದೆಯನ್ನು ಮರೆತ ಜನಾಂಗದ ಕೈಗೆ ಚಿತ್ರಯಂತ್ರವು ಬಂದರೆ ಏನಾಗುವುದೆಂಬುದನ್ನು 2018ನೆಯ ಇಸವಿಯು ತೋರಿಸಿಕೊಟ್ಟಿತು. ಹಿಂದೆ ಒಂದು ಚಲಚ್ಚಿತ್ರವನ್ನು ತೆಗೆಯಬೇಕಾದರೆ ಭಾರವಾದ ಯಂತ್ರ, ಬೆಲೆಬಾಳುವ ಫಿಲ್ಮ್ ಸುರುಳಿ, ಅದನ್ನು ತೊಳೆಯುವ ರಸಾಯನಶಾಲೆ, ಇವೆಲ್ಲವೂ ಬೇಕಾಗಿದ್ದುವು. ಇಂದು ಪ್ರೌಢಶಾಲೆಯ ಹುಡುಗನ ಜೇಬಿನೊಳಗೆ ಇವೆಲ್ಲವೂ ಅಡಗಿವೆ. ಆಯುಧವನ್ನು ಕೊಟ್ಟಾಗಿದೆ, ವಿದ್ಯೆಯನ್ನು ಕೊಟ್ಟಿಲ್ಲ. ನಮ್ಮ ತರುಣರಿಗೆ ಸಾಕ್ಷ್ಯಚಿತ್ರವನ್ನು ತಯಾರಿಸುವ ವಿದ್ಯೆಯನ್ನು ಶಾಸ್ತ್ರೋಕ್ತವಾಗಿ ಕಲಿಸಬೇಕೆಂದೂ, ಆ ವಿದ್ಯೆಯನ್ನು ಅವರು ತಮ್ಮ ಊರುಕೇರಿಗಳ ಸುಧಾರಣೆಗೆ ಬಳಸುವಂತೆ ಮಾಡಬೇಕೆಂದೂ ನಾವು ಈ ದಿನ ಪ್ರತಿಪಾದಿಸಲು ಹೊರಟಿರುವುದು ಇದೇ ಕಾರಣದಿಂದ.

ಮುರ್ಕಿಯ ಕಥೆಯನ್ನು ಹೇಳಿದ ಮೇಲೆ ಅದೇ ಸೀಮೆಯ ಮತ್ತೊಂದು ಕಥೆಯನ್ನು ಹೇಳದಿದ್ದರೆ ಅನ್ಯಾಯವಾದೀತು. ಜಹೀರಾಬಾದು ತಾಲ್ಲೂಕು ಇಂದು ತೆಲಂಗಾಣದಲ್ಲಿದೆ; ಆದರೆ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಅದು ಬೀದರ್ ಜಿಲ್ಲೆಗೆ ಸೇರಿತ್ತು. ಆ ತಾಲ್ಲೂಕಿನ ಪಸ್ತಾಪುರದಲ್ಲಿ 1983ರಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಎಂಬ ಸಂಸ್ಥೆಯು ಹುಟ್ಟಿತು. ಅದನ್ನು ಕಟ್ಟಿದವರಲ್ಲಿ ಪ್ರಮುಖರಾದ ಪಿ. ವಿ. ಸತೀಶರು ಮೈಸೂರಿನವರು, ದೂರದರ್ಶನದಲ್ಲಿ ಕಾರ್ಯಕ್ರಮ ನಿರ್ಮಾಪಕರಾಗಿದ್ದು, ಆ ಕೆಲಸವನ್ನು ಬಿಟ್ಟು ಹಳ್ಳಿಗೆ ಹೋದವರು, 2023ನೆಯ ಮಾರ್ಚಿಯಲ್ಲಿ ದಿವಂಗತರಾದರು. 1990ರ ದಶಕದ ಉತ್ತರಾರ್ಧದಲ್ಲಿ ಆ ಸಂಸ್ಥೆಯವರು ಸುತ್ತಲಿನ ಹಳ್ಳಿಗಳ ದಲಿತ ಹೆಣ್ಣುಮಕ್ಕಳಿಗೆ ವಿಡಿಯೋ ಕ್ಯಾಮೆರಾ ಹಿಡಿಯುವುದನ್ನು ಕಲಿಸಿದರು. ಕಲಿತವರಲ್ಲಿ ಹಲವರು ಓದುಬರಹವನ್ನರಿಯದವರು. ಕೂಲಿ ಮಾಡಿ, ಕಳೆ ಕಿತ್ತು ಬದುಕುತ್ತಿದ್ದವರು.

ಇವರು ವಿದ್ಯೆಯನ್ನು ಕಲಿತ ಬಗೆಯೇ ಒಂದು ದೊಡ್ಡ ಪಾಠ. ಕ್ಯಾಮೆರಾವನ್ನು ಮೇಲಿನಿಂದ ಕೆಳಕ್ಕೆ ಇಳಿಬಿಟ್ಟು ತೆಗೆಯುವ ಚಿತ್ರಕ್ಕೆ ಇಂಗ್ಲಿಷಿನಲ್ಲಿ ಒಂದು ಹೆಸರು, ಕೆಳಗಿನಿಂದ ಮೇಲಕ್ಕೆತ್ತಿ ತೆಗೆಯುವುದಕ್ಕೆ ಇನ್ನೊಂದು. ಈ ಹೆಸರುಗಳು ಆ ಹೆಣ್ಣುಮಕ್ಕಳಿಗೆ ಹಿಡಿಸಲಿಲ್ಲ. ಮೇಲಿನಿಂದ ನೋಡುವವನು ಯಾರು? ಕಟ್ಟೆಯ ಮೇಲೆ ಕುಳಿತ ಪಟೇಲನು. ಆದ್ದರಿಂದ ಅದು ಪಟೇಲ್ ಶಾಟ್. ಕೆಳಗೆ ನಿಂತು ಕತ್ತೆತ್ತಿ ನೋಡುವವನು ಯಾರು? ಜೀತದಾಳು. ಆದ್ದರಿಂದ ಅದು ಜೀತದ ಶಾಟ್. ಸಂಘದ ಸಭೆಯಲ್ಲಿ ಎಲ್ಲರೂ ಒಂದೇ ಚಾಪೆಯ ಮೇಲೆ ಕುಳಿತು ಮುಖಕ್ಕೆ ಮುಖ ಕೊಟ್ಟು ಮಾತನಾಡುತ್ತಾರಷ್ಟೆ? ಹಾಗೆ ಕಣ್ಣಿನ ಮಟ್ಟದಲ್ಲಿ ತೆಗೆದದ್ದು ಸಂಘಂ ಶಾಟ್. ತಾವು ತೆಗೆಯುವ ಚಿತ್ರಗಳಿಗೆ ಸಂಘಂ ಶಾಟೇ ತಕ್ಕದ್ದೆಂದು ಅವರು ನಿಶ್ಚಯಿಸಿಕೊಂಡರು. ಪಟ್ಟಣದ ಪಂಡಿತರು ಪುಸ್ತಕದಿಂದ ಕಲಿಯುವ ಕಲಾಶಾಸ್ತ್ರದೊಳಗೆ ಇಷ್ಟು ಧರ್ಮಶಾಸ್ತ್ರವು ಅಡಗಿದೆಯೆಂದು ಅಕ್ಷರವರಿಯದ ಹೆಂಗಸರು ತಿಳಿಸಿಕೊಡಬೇಕಾಯಿತು. ಇವರೇ ಮುಂದೆ ಹತ್ತಿ ಬೆಳೆದು ನಷ್ಟಹೊಂದಿದ ವಾರಂಗಲ್ಲಿನ ರೈತರ ಹೊಲಗಳಿಗೆ ಹೋಗಿ, ಬಿ.ಟಿ. ಹತ್ತಿಯ ವಿಷಯದಲ್ಲಿ ರೈತರ ಬಾಯಿಂದಲೇ ಸಾಕ್ಷ್ಯವನ್ನು ಸಂಗ್ರಹಿಸಿ ಚಿತ್ರಗಳನ್ನು ತಯಾರಿಸಿದರು. ಆ ಚಿತ್ರಗಳ ತೀರ್ಮಾನವನ್ನು ಎಲ್ಲರೂ ಒಪ್ಪಬೇಕೆಂದು ನಾವು ಹೇಳುವುದಿಲ್ಲ. ಹೊಲದ ಮಾತನ್ನು ಹೊಲದಲ್ಲಿ ದುಡಿಯುವವರೇ ಲೋಕದ ಮುಂದಿಟ್ಟರೆಂಬುದನ್ನು ಮಾತ್ರ ಎಲ್ಲರೂ ಒಪ್ಪಬೇಕಾಗುತ್ತದೆ.

ಒಂದೇ ಸೀಮೆ, ಒಂದೇ ಬಗೆಯ ಜನ, ಒಂದೇ ಬಗೆಯ ಯಂತ್ರ. ಒಂದು ಕಡೆ ಮನುಷ್ಯನನ್ನು ಕೊಂದಿತು. ಇನ್ನೊಂದು ಕಡೆ ಮೂಕರಿಗೆ ನಾಲಿಗೆಯನ್ನು ಕೊಟ್ಟಿತು. ನಡುವಣ ಅಂತರವು ಶಿಕ್ಷಣವೊಂದೇ.

ಈ ಸಲಹೆಗೆ ಬರುವ ಆಕ್ಷೇಪಣೆಗಳನ್ನು ನಾವು ಬಲ್ಲೆವು. ಮೊದಲನೆಯದು ಅಧಿಕಾರಿವರ್ಗದವರದು. "ಹುಡುಗರ ಕೈಗೆ ಕ್ಯಾಮೆರಾ ಕೊಟ್ಟು ಊರ ಹುಳುಕನ್ನು ತೆಗೆಯಿರಿ ಎಂದರೆ ಆಡಳಿತ ನಡೆದೀತೆ? ದಿನಕ್ಕೊಂದು ತಂಟೆ ಎದ್ದೀತು" ಎನ್ನುವರು. ಇಂಥವರಿಗೆ ನಾವು ಕೆನಡಾ ದೇಶದ ಫೋಗೋ ದ್ವೀಪದ ವೃತ್ತಾಂತವನ್ನು ಅರಿಕೆ ಮಾಡುತ್ತೇವೆ. ನ್ಯೂಫೌಂಡ್‌ಲ್ಯಾಂಡ್ ಪ್ರಾಂತದ ಆ ದ್ವೀಪದಲ್ಲಿ ಬೆಸ್ತರ ಹಲವು ಊರುಗಳು. ಮೀನಿನ ಕಸುಬು ಕುಗ್ಗಿ ಜನರು ಸರ್ಕಾರದ ಧರ್ಮಕ್ಕೆ ಕೈಯೊಡ್ಡುವ ಸ್ಥಿತಿಗೆ ಬಂದಿದ್ದರು. ದ್ವೀಪವನ್ನೇ ಖಾಲಿಮಾಡಿಸಿ ಅವರನ್ನು ಬೇರೆಡೆಗೆ ಸಾಗಿಸುವ ಆಲೋಚನೆಯು ನಡೆದಿತ್ತು. ಊರುಗಳ ನಡುವೆ ಮತಭೇದ, ಪಂಗಡಭೇದ. ಒಬ್ಬರ ಮಾತು ಒಬ್ಬರಿಗೆ ಸೇರದು. 1967ರಲ್ಲಿ ಆ ದೇಶದ ನ್ಯಾಷನಲ್ ಫಿಲ್ಮ್ ಬೋರ್ಡಿನ ಕಾಲಿನ್ ಲೋ ಎಂಬವರು, ಅಲ್ಲಿಯ ವಿಶ್ವವಿದ್ಯಾಲಯದವರೊಡನೆ ಸೇರಿ, ಜನರ ಮಾತುಗಳನ್ನು ಸಣ್ಣ ಸಣ್ಣ ಚಿತ್ರಗಳಾಗಿ ತೆಗೆದರು. ಯಾರ ಚಿತ್ರವನ್ನು ತೆಗೆದರೋ ಅವರಿಗೆ ಮೊದಲು ತೋರಿಸಿ, ಅವರು ಒಪ್ಪಿದ ಮೇಲೆಯೇ ಇತರರಿಗೆ ತೋರಿಸಿದರು. ಎದುರೆದುರಿಗೆ ಕುಳಿತು ಹೇಳಲಾರದ ಮಾತನ್ನು ಒಂದು ಊರಿನವರು ಇನ್ನೊಂದು ಊರಿನವರ ಬಾಯಿಂದ ಬೆಳ್ಳಿತೆರೆಯ ಮೇಲೆ ಕೇಳಿದರು. ತಮ್ಮೆಲ್ಲರ ಕಷ್ಟವೂ ಒಂದೇ ಎಂದು ತಿಳಿದುಕೊಂಡರು. ಆ ಚಿತ್ರಗಳನ್ನು ರಾಜಧಾನಿಯ ಮಂತ್ರಿಗಳಿಗೂ ತೋರಿಸಲಾಯಿತು. ಮಂತ್ರಿಗಳ ಉತ್ತರವನ್ನೂ ಚಿತ್ರವಾಗಿ ತೆಗೆದು ದ್ವೀಪಕ್ಕೆ ತಂದು ತೋರಿಸಲಾಯಿತು. ಬೆಸ್ತರು ತಮ್ಮದೇ ಸಹಕಾರ ಸಂಘವನ್ನು ಕಟ್ಟಿಕೊಂಡರು. ದ್ವೀಪವು ಖಾಲಿಯಾಗಲಿಲ್ಲ, ಇಂದಿಗೂ ಜನರು ಅಲ್ಲಿಯೇ ಇದ್ದಾರೆ. ಇದು ತಂಟೆಯೆ? ಅರ್ಜಿಗಳ ಕಟ್ಟುಗಳು ವರ್ಷಗಟ್ಟಲೆ ತಿರುಗಿ ಸಾಧಿಸಲಾರದ ಕೆಲಸವನ್ನು ಕೆಲವು ಚಿತ್ರಗಳು ಸಾಧಿಸಿದುವು. ಜನರ ಮಾತು ಕಿವಿಗೆ ಬೀಳುವುದರಿಂದ ಆಡಳಿತವು ಕೆಟ್ಟ ಉದಾಹರಣೆಯನ್ನು ನಾವು ಕಾಣೆವು. ಬೀಳದೆ ಕೆಟ್ಟ ಉದಾಹರಣೆಗಳು ಎಷ್ಟು ಬೇಕಾದರೂ ಇವೆ.

ಇದಲ್ಲದೆ, ಸರ್ಕಾರವೇ ಚಿತ್ರಸಾಕ್ಷ್ಯವನ್ನು ಕೇಳುವ ಕಾಲವಿದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ಪೊಲೀಸಿನವರು ಮನೆಯನ್ನು ಶೋಧಿಸುವಾಗ, ವಸ್ತುಗಳನ್ನು ವಶಪಡಿಸಿಕೊಳ್ಳುವಾಗ ಅದನ್ನು ಚಿತ್ರೀಕರಿಸತಕ್ಕದ್ದು. ಮೊಬೈಲಿನಲ್ಲಿ ತೆಗೆದರೂ ಆಗಬಹುದು. ಚಿತ್ರವನ್ನು ಪುರಾವೆಯೆಂದು ನ್ಯಾಯಸ್ಥಾನವು ಒಪ್ಪುವಾಗ, ಯಾವ ಚಿತ್ರ ನಂಬತಕ್ಕದ್ದು, ಯಾವುದು ಕತ್ತರಿಸಿದ್ದು ಎಂಬ ವಿವೇಕವು ಪ್ರಜೆಗಳಿಗೆ ಬೇಡವೆ?

ಎರಡನೆಯ ಆಕ್ಷೇಪಣೆ ತಾಯ್ತಂದೆಯರದು. "ಪರೀಕ್ಷೆಗೆ ಓದುವ ಹುಡುಗನಿಗೆ ಸಿನಿಮಾದ ಹುಚ್ಚನ್ನು ಹತ್ತಿಸಬೇಡಿ, ಅನ್ನ ಹುಟ್ಟದ ವಿದ್ಯೆ" ಎನ್ನುವರು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ 1940ರ ದಶಕದಿಂದಲೇ ಛಾಯಾಗ್ರಹಣವನ್ನು ಕಲಿಸುತ್ತಿದ್ದರು. ಅಲ್ಲಿ ಕಲಿತ ಮೈಸೂರಿನ ವಿ. ಕೆ. ಮೂರ್ತಿಯವರು ದೇಶದ ಅಗ್ರಗಣ್ಯ ಛಾಯಾಗ್ರಾಹಕರಾಗಿ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯನ್ನು ಪಡೆದರು. ಗೋವಿಂದ ನಿಹಲಾನಿಯವರೂ ಅಲ್ಲಿಯ ವಿದ್ಯಾರ್ಥಿಗಳೇ. ಆದರೆ ಎಲ್ಲ ಹುಡುಗರೂ ಮೂರ್ತಿಗಳಾಗಬೇಕೆಂಬುದು ನಮ್ಮ ಉದ್ದೇಶವಲ್ಲ. ಪ್ರಬಂಧ ಬರೆಯುವುದನ್ನು ಕಲಿಸುವುದು ಎಲ್ಲರೂ ಗ್ರಂಥಕರ್ತರಾಗಲೆಂದು ಅಲ್ಲವಷ್ಟೆ? ನೋಡಿದ್ದನ್ನು ಕ್ರಮವಾಗಿ ಹೇಳುವ ಅಭ್ಯಾಸವು ಗುಮಾಸ್ತನಿಗೂ ಬೇಕು, ವಕೀಲನಿಗೂ ಬೇಕು, ವೈದ್ಯನಿಗೂ ಬೇಕು.

ಮೂರನೆಯ ಆಕ್ಷೇಪಣೆಯೇ ನಮ್ಮನ್ನು ಹೆಚ್ಚಾಗಿ ಚಿಂತೆಗೀಡುಮಾಡತಕ್ಕದ್ದು. ಬಡವರ ಬಡತನವನ್ನು ಚಿತ್ರಿಸಿ, ಪಟ್ಟಣದವರಿಗೆ ತೋರಿಸಿ, ಬಹುಮಾನವನ್ನು ಗಳಿಸಿ, ಬಡವರನ್ನು ಇದ್ದಲ್ಲಿಯೇ ಬಿಟ್ಟುಬರುವುದು ಒಂದು ವ್ಯಾಪಾರವಾಗಲಾರದೆ? ಆನಂದ ಪಟವರ್ಧನರು 1985ರಲ್ಲಿ ಮುಂಬಯಿಯ ಗುಡಿಸಲುವಾಸಿಗಳನ್ನು ಕುರಿತು "ಹಮಾರಾ ಶಹರ್" ಎಂಬ ಚಿತ್ರವನ್ನು ಮಾಡಿದರು. ಅದರಲ್ಲಿ ಒಬ್ಬ ಹೆಂಗಸು ಚಿತ್ರ ತೆಗೆಯುವವರನ್ನೇ ತರಾಟೆಗೆ ತೆಗೆದುಕೊಳ್ಳುತ್ತಾಳೆ: ನಮ್ಮ ಚಿತ್ರ ತೆಗೆದು ನೀವು ಹೆಸರು ಮಾಡುವಿರಿ, ಇದರಿಂದ ನಮಗೇನಾಯಿತು ಎಂಬುದು ಅವಳ ಪ್ರಶ್ನೆಯ ತಾತ್ಪರ್ಯ. ಪಟವರ್ಧನರು ಆ ಮಾತನ್ನು ಕತ್ತರಿಸದೆ ಚಿತ್ರದಲ್ಲಿಯೇ ಉಳಿಸಿದರು. ಕರಾಚಿಯ ಚಿತ್ರದ ಬಾಲವನ್ನು ಕತ್ತರಿಸಿದ ಕೈಗೂ, ತನ್ನ ಮೇಲಿನ ಆರೋಪವನ್ನು ಉಳಿಸಿಕೊಂಡ ಈ ಕೈಗೂ ಎಷ್ಟು ಅಂತರ! ಹಣದ ಮೂಲವನ್ನೂ ವಿಚಾರಿಸಬೇಕು. 1935ರಲ್ಲಿ ಲಂಡನ್ನಿನ ಕೊಳೆಗೇರಿಯ ನಿವಾಸಿಗಳು ತಮ್ಮ ಇಲಿ ತಿಗಣೆಗಳ ಸಂಕಟವನ್ನು ತಾವೇ ಹೇಳಿಕೊಂಡ "ಹೌಸಿಂಗ್ ಪ್ರಾಬ್ಲಮ್ಸ್" ಎಂಬ ಚಿತ್ರವು ಈ ಬಗೆಯಲ್ಲಿ ಮಾರ್ಗದರ್ಶಕವಾದದ್ದು. ಆದರೆ ಅದಕ್ಕೆ ಹಣ ಕೊಟ್ಟವರು ಗ್ಯಾಸ್ ಕಂಪೆನಿಗಳ ಸಂಘದವರು. ಹೊಸ ಮನೆಗಳಾದರೆ ಗ್ಯಾಸ್ ಒಲೆಗಳಿಗೆ ಗಿರಾಕಿ ಹೆಚ್ಚೆಂಬುದು ಅವರ ಲೆಕ್ಕ. ಚಿತ್ರವು ಅದರಿಂದ ಸುಳ್ಳಾಗಲಿಲ್ಲ. ಆದರೂ ಯಾರ ಹಣವೆಂಬುದನ್ನು ನೋಡುವವನು ತಿಳಿದಿರಬೇಕು.

ಹಾಗಾದರೆ ಕಲಿಸುವುದು ಏನನ್ನು? ನಾವು ಸಿನಿಮಾ ಪಂಡಿತರಲ್ಲ. ಪಾಠಶಾಲೆಯಲ್ಲಿ ತರ್ಕವನ್ನೂ ಮುದ್ರಣಾಲಯದಲ್ಲಿ ವೃತ್ತಿಯನ್ನೂ ಕಲಿತವರು. ಪಾಠಶಾಲೆಯಲ್ಲಿ ಗುರುಗಳು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು ಪ್ರಮಾಣಗಳನ್ನು ಹೇಳಿಕೊಟ್ಟು, ಮಬ್ಬುಗತ್ತಲೆಯಲ್ಲಿ ಹಗ್ಗವನ್ನು ಹಾವೆಂದುಕೊಳ್ಳುವವನೂ ಕಣ್ಣಿನಿಂದಲೇ ನೋಡುತ್ತಾನೆಂದು ಎಚ್ಚರಿಸುತ್ತಿದ್ದರು. ಮುಂದೆ ಮುದ್ರಣಾಲಯಕ್ಕೆ ಸೇರಿದ ಹೊಸತರಲ್ಲಿ, ಮೊಳೆ ಜೋಡಿಸುತ್ತಿದ್ದ ವೃದ್ಧರೊಬ್ಬರು ನಾವು ಬರೆದು ತಂದ ಪ್ರತಿಯೊಂದು ವರ್ತಮಾನಕ್ಕೂ "ಕಂಡೆಯೋ, ಕೇಳಿದೆಯೋ?" ಎಂದು ಕೇಳುವರು. ಕೇಳಿದ್ದೆಂದರೆ "ಯಾರಿಂದ?" ಎನ್ನುವರು. ಅದಕ್ಕೆ ಉತ್ತರವಿಲ್ಲದಿದ್ದರೆ ಕಾಗದವು ನಮ್ಮ ಕೈಗೇ ಹಿಂದಿರುಗುತ್ತಿತ್ತು. ಆ ಎರಡು ಪ್ರಶ್ನೆಗಳಿಂದ ನಾವು ಕಲಿತಷ್ಟನ್ನು ಮೆಟ್ರಿಕ್ಯುಲೇಷನ್ನಿನ ಯಾವ ಪುಸ್ತಕದಿಂದಲೂ ಕಲಿಯಲಿಲ್ಲ. ಆದಕಾರಣ ನಮ್ಮ ಅಲ್ಪಮತಿಗೆ ತೋರಿದ ಪಠ್ಯಕ್ರಮವನ್ನು ಇಲ್ಲಿ ಸೂಚಿಸುತ್ತೇವೆ.

ಮೊದಲನೆಯದಾಗಿ, ಪ್ರಾರಂಭದಲ್ಲಿ ಕೆಲವು ವಾರ ಕ್ಯಾಮೆರಾವನ್ನು ಮುಟ್ಟಿಸಕೂಡದು. ಊರ ಕೆರೆಯೋ, ನ್ಯಾಯಬೆಲೆ ಅಂಗಡಿಯೋ, ಅಂಗನವಾಡಿಯೋ, ಒಂದು ವಿಷಯವನ್ನು ಆರಿಸಿಕೊಂಡು ಬರಿಗಣ್ಣಿನಿಂದ ನೋಡಲಿ, ಟಿಪ್ಪಣಿ ಬರೆಯಲಿ, ಪಂಚಾಯಿತಿಯ ಕಡತಗಳನ್ನು ಓದಲಿ. ಮಾಹಿತಿ ಹಕ್ಕಿನ ಶಾಸನವು 2005ರಿಂದ ಇದೆ. ಅರ್ಜಿ ಬರೆಯುವುದೂ ಈ ವಿದ್ಯೆಯ ಒಂದು ಅಂಗವೇ. ಎರಡನೆಯದಾಗಿ, ಅಪ್ಪಣೆಯಿಲ್ಲದೆ ಯಾರ ಮುಖವನ್ನೂ ತೆಗೆಯಕೂಡದು. ಮಕ್ಕಳ, ಸಂಕಟದಲ್ಲಿರುವ ಹೆಂಗಸರ ವಿಷಯದಲ್ಲಿ ಎರಡರಷ್ಟು ಎಚ್ಚರ ಬೇಕು. ಫೋಗೋ ದ್ವೀಪದವರಂತೆ ಮೊದಲು ಅವರಿಗೇ ತೋರಿಸಿ, ಒಪ್ಪಿಗೆಯನ್ನು ಪಡೆಯಬೇಕು. ಮೂರನೆಯದಾಗಿ, ಆಪಾದಿತನ ಮಾತನ್ನೂ ಕೇಳಬೇಕು. ಅಂಗಡಿಯವನು ಅಳತೆಯಲ್ಲಿ ಮೋಸಮಾಡುತ್ತಾನೆಂದು ಹತ್ತು ಮಂದಿ ಹೇಳಿದರೆ, ಹನ್ನೊಂದನೆಯವನಾಗಿ ಅಂಗಡಿಯವನೂ ಮಾತನಾಡಲಿ. ನಾಲ್ಕನೆಯದಾಗಿ, ಪ್ರತಿಯೊಂದು ಚಿತ್ರಕ್ಕೂ ಸ್ಥಳ, ತಾರೀಖು, ತೆಗೆದವರ ಹೆಸರು ಇರಲಿ; ಕತ್ತರಿಸದ ಮೂಲವು ಶಾಲೆಯಲ್ಲಿ ಜೋಪಾನವಾಗಿರಲಿ. ಪಾಟೀಸವಾಲಿಗೆ ನಿಲ್ಲದ ಸಾಕ್ಷಿಯು ಸಾಕ್ಷಿಯೇ ಅಲ್ಲ. ಸಾಕ್ಷ್ಯಚಿತ್ರವೆಂಬ ಹೆಸರಿಗೂ ಇದೇ ನ್ಯಾಯ. ಕಣ್ಣೀರನ್ನು ಹಿಂಡುವ ಸಂಗೀತವನ್ನು ಹಚ್ಚುವುದು ಕಥಾಚಿತ್ರದವರಿಗೆ ಇರಲಿ.

ಕೊನೆಯದು, ಮುಖ್ಯವಾದದ್ದು: ಚಿತ್ರವು ತೆಗೆದ ಊರಿನಲ್ಲಿಯೇ, ಗ್ರಾಮಸಭೆಯಲ್ಲಿ, ಗೋಡೆಗೆ ಕಟ್ಟಿದ ಬಿಳಿ ಪಂಚೆಯ ಮೇಲಾದರೂ ಪ್ರದರ್ಶಿತವಾಗಬೇಕು, ಸಂಬಂಧಪಟ್ಟ ಅಧಿಕಾರಿಯು ಅಲ್ಲಿಗೆ ಬಂದು ಕುಳಿತು, ನೋಡಿ, ಉತ್ತರ ಹೇಳಬೇಕು. ಪ್ರದರ್ಶನವಿಲ್ಲದ ಚಿತ್ರವು ಬಿತ್ತದ ಬೀಜ. ಉತ್ತರವಿಲ್ಲದ ಪ್ರದರ್ಶನವು ಬೆಳೆಯದ ಪೈರು. ಹಿಂದೆ ಫಿಲ್ಮ್ಸ್ ಡಿವಿಷನ್ನಿನವರ ಚಿತ್ರಗಳನ್ನು ಪ್ರತಿಯೊಂದು ಚಿತ್ರಮಂದಿರದಲ್ಲಿಯೂ ಕಡ್ಡಾಯವಾಗಿ ತೋರಿಸುತ್ತಿದ್ದರು. 1948ರಲ್ಲಿ ಸ್ಥಾಪಿತವಾದ ಆ ಸಂಸ್ಥೆಯಿಂದ ಉತ್ತಮ ಚಿತ್ರಗಳೂ ಬಂದುವು. ಸ್ವಾತಂತ್ರ್ಯದ ವರ್ಷ ಹುಟ್ಟಿದ ತರುಣರ ಮನಸ್ಸನ್ನು 1967ರಲ್ಲಿ ತೆರೆದು ತೋರಿಸಿದ ಎಸ್. ಎನ್. ಎಸ್. ಶಾಸ್ತ್ರಿಯವರ "ಐ ಆಮ್ 20" ಇದಕ್ಕೆ ನಿದರ್ಶನ. ಆದರೆ ಹೆಚ್ಚಿನವು ದೆಹಲಿಯು ಹಳ್ಳಿಗೆ ಹೇಳುವ ಮಾತುಗಳು; ಹಳ್ಳಿಯು ದೆಹಲಿಗೆ ಹೇಳುವ ಮಾತಿಗೆ ಅಲ್ಲಿ ಎಡೆಯಿರಲಿಲ್ಲ. 2022ರಲ್ಲಿ ಆ ಸಂಸ್ಥೆಯನ್ನು ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದೊಳಗೆ ವಿಲೀನಗೊಳಿಸಲಾಯಿತು. 1975-76ರ ಉಪಗ್ರಹ ಶಿಕ್ಷಣ ಪ್ರಯೋಗದಲ್ಲಿ ಗುಲ್ಬರ್ಗ, ಬಿಜಾಪುರ, ರಾಯಚೂರು ಜಿಲ್ಲೆಗಳ ಹಳ್ಳಿಗಳಲ್ಲಿಯೂ ಟೆಲಿವಿಷನ್ ಪೆಟ್ಟಿಗೆಗಳನ್ನಿಟ್ಟಿದ್ದರು, ಹಳ್ಳಿಯವರು ನೋಡಿದರು. ಒಂದು ವರ್ಷ ತುಂಬಿತು, ಉಪಗ್ರಹವನ್ನು ಅಮೆರಿಕದವರು ಹಿಂದಕ್ಕೆ ಪಡೆದರು, ಪ್ರಯೋಗ ಮುಗಿಯಿತು. ಅರ್ಧ ಶತಮಾನವು ಕಳೆದ ಮೇಲಾದರೂ ಅದೇ ಜಿಲ್ಲೆಗಳ ಮಕ್ಕಳು ತೋರಿಸುವವರಾಗಲಿ.

ಇದಕ್ಕೆ ಸರ್ಕಾರದಿಂದ ಆಗಬೇಕಾದ ಸಹಾಯವು ದೊಡ್ಡದೇನಲ್ಲ. 1952ರ ಸಿನಿಮಾಟೋಗ್ರಾಫ್ ಶಾಸನದಂತೆ ಸಾರ್ವಜನಿಕ ಪ್ರದರ್ಶನಕ್ಕೆ ಪ್ರಮಾಣಪತ್ರವು ಬೇಕು. ಕೆ. ಎ. ಅಬ್ಬಾಸರು 1968ರಲ್ಲಿ ನಾಲ್ಕು ನಗರಗಳ ಸಿರಿಯನ್ನೂ ದೈನ್ಯವನ್ನೂ ಎದುರೆದುರಿಗೆ ಇಟ್ಟು ತೆಗೆದ ಒಂದು ಸಣ್ಣ ಚಿತ್ರಕ್ಕಾಗಿ ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು. 1970ರ ತೀರ್ಪಿನಲ್ಲಿ ನ್ಯಾಯಾಲಯವು ಪೂರ್ವಪರೀಕ್ಷೆಯನ್ನು ಎತ್ತಿಹಿಡಿದರೂ ನಿಯಮಗಳು ಸ್ಪಷ್ಟವಾಗಿರಬೇಕೆಂದು ಸೂಚಿಸಿತು. ಅಬ್ಬಾಸರಂಥವರೇ ಪಟ್ಟ ಪಾಡನ್ನು ಪ್ರೌಢಶಾಲೆಯ ಹುಡುಗರು ಪಡಲಾರರು. ಅದೇ ಶಾಸನದ 9ನೆಯ ಕಲಮಿನಲ್ಲಿ ಒಂದು ವರ್ಗದ ಚಿತ್ರಗಳಿಗೆ ವಿನಾಯಿತಿ ಕೊಡುವ ಅಧಿಕಾರವು ಕೇಂದ್ರ ಸರ್ಕಾರಕ್ಕೆ ಇದೆ. ವಿದ್ಯಾರ್ಥಿಗಳು ಮೇಲೆ ಹೇಳಿದ ನಿಯಮಗಳಿಗೆ ಒಳಪಟ್ಟು ತೆಗೆದು ಸ್ವಂತ ಊರಿನಲ್ಲಿ ಪುಕ್ಕಟೆಯಾಗಿ ತೋರಿಸುವ ಚಿತ್ರಗಳಿಗೆ ಆ ವಿನಾಯಿತಿಯು ದೊರೆಯುವಂತೆ ರಾಜ್ಯ ಸರ್ಕಾರವು ಕೇಂದ್ರಕ್ಕೆ ಬರೆಯಲಿ. ವಿದ್ಯಾ ಇಲಾಖೆಯವರು ಮೊದಲ ವರ್ಷ ಜಿಲ್ಲೆಗೊಂದು ಶಾಲೆಯಲ್ಲಿ ಪ್ರಯೋಗ ಮಾಡಿ ನೋಡಲಿ. ಯಂತ್ರದ ಖರ್ಚಿಲ್ಲ, ಬೇಕಾದದ್ದು ತಿಳಿದ ಉಪಾಧ್ಯಾಯರು ಮಾತ್ರ. ಗೃಹಸ್ಥರಾದ ನಮ್ಮ ವಾಚಕರಿಗೂ ಒಂದು ಬಿನ್ನಹ: ನಿಮ್ಮ ಮನೆಯ ಹುಡುಗನೋ ಹುಡುಗಿಯೋ ಮೊಬೈಲಿನಲ್ಲಿ ಒಂದು ಚಿತ್ರವನ್ನು ತೋರಿಸಿದಾಗ ಗದರಿಸಬೇಡಿ, ಕೂಡಲೇ ನಂಬಲೂ ಬೇಡಿ. "ಕಂಡೆಯೋ, ಕೇಳಿದೆಯೋ? ಯಾರಿಂದ? ಕೊನೆಯಲ್ಲಿ ಏನಿತ್ತು?" ಎಂದು ಕೇಳಿರಿ.

ಸ್ವರಾಜ್ಯವೆಂದರೆ ನಮ್ಮ ದೋಷಗಳನ್ನು ನಾವೇ ಕಂಡು, ನಾವೇ ತಿದ್ದಿಕೊಳ್ಳುವ ಹಕ್ಕು. ಕಾಣಲು ಕಲಿಯದವರಿಗೆ ತಿದ್ದಿಕೊಳ್ಳುವ ಯೋಗವಿಲ್ಲ. ಮುರ್ಕಿಯಲ್ಲಿ ಆ ದಿನ ನೆರೆದಿದ್ದವರಲ್ಲಿ ಪಸ್ತಾಪುರದ ವಿದ್ಯೆಯನ್ನು ಕಲಿತ ಒಬ್ಬ ತರುಣನಿದ್ದು, "ತಾಳಿರಿ, ಇದನ್ನು ಕಂಡವರು ಯಾರು?" ಎಂದು ಕೇಳಿದ್ದರೆ ಒಂದು ಜೀವವು ಉಳಿಯುತ್ತಿತ್ತೋ ಏನೋ. ಅಂಥ ಒಬ್ಬನನ್ನು ಊರಿಗೊಬ್ಬನಂತೆ ತಯಾರುಮಾಡುವುದು ಅಸಾಧ್ಯವಾದ ಕೆಲಸವೆಂದು ನಾವು ಎಣಿಸುವುದಿಲ್ಲ. ವಿದ್ಯಾ ಇಲಾಖೆಯವರೂ, ಜಿಲ್ಲಾಧಿಕಾರಿಗಳೂ, ಊರ ಮಹಾಜನರೂ ಈ ವಿಚಾರದಲ್ಲಿ ಶೀಘ್ರವಾಗಿ ಮನಸ್ಸು ಮಾಡುವರೆಂದು ಆಶಿಸುತ್ತೇವೆ.